ಮೋಟಾರು ಸೈಕಲ್ಲಿನ ಪ್ರಥಮ ಪಾಠ

ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಮೋಟಾರು ಸೈಕಲ್ಲಿನ ಪ್ರಸ್ತಾಪವು ಒಂದಲ್ಲ ಒಂದು ದಿನ ಬಾರದಿರುವುದಿಲ್ಲ. ನಮ್ಮ ಮನೆಯಲ್ಲಿಯೂ ಬಂದಿತು. ಹದಿನೆಂಟು ತುಂಬಿದ ನಮ್ಮ ಅಣ್ಣನವರ ಮೊಮ್ಮಗನು ಕಳೆದ ಬೇಸಿಗೆಯಲ್ಲಿ, "ಅಜ್ಜ, ನನಗೆ ಬೈಕು ಓಡಿಸುವುದನ್ನು ಕಲಿಸಿಕೊಡಿ" ಎಂದು ಕೇಳಿದನು. ಅವನ ತಾಯಿಯು ಬಾಗಿಲ ಬಳಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದಳು. "ಓಡಿಸುವುದನ್ನು ಆಮೇಲೆ ಕಲಿಯುವೆಯಂತೆ, ಮೊದಲು ನಿಲ್ಲಿಸುವುದನ್ನು ಕಲಿ" ಎಂದೆವು. ಹುಡುಗನು ನಕ್ಕನು. ನಾವು ನಗಲಿಲ್ಲ; ಅದಕ್ಕೆ ಕಾರಣವುಂಟು.

1985ರಲ್ಲಿ ನಾವು ಮೈಸೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದೆವು. ಆ ಊರಿನಲ್ಲಿಯೇ ತಯಾರಾದ ಹಳೆಯ ಜಾವಾ ವಾಹನವೊಂದು ನಮ್ಮ ಮಿತ್ರರಲ್ಲಿದ್ದಿತು. ಒದ್ದು ಚಾಲೂ ಮಾಡುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಅದರ ವೈಶಿಷ್ಟ್ಯ. ಮಿತ್ರರು ಕಾಲು ಗಂಟೆಯಲ್ಲಿ ಹೊರಡಿಸುವುದನ್ನು ತೋರಿಸಿಕೊಟ್ಟರು; ನಿಲ್ಲಿಸುವುದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಊರ ಹೊರಗಿನ ತಿರುವೊಂದರಲ್ಲಿ ಎಮ್ಮೆಯು ಅಡ್ಡ ಬಂದಾಗ ಗಾಬರಿಯಿಂದ ಬಲಗೈಯ ಬ್ರೇಕನ್ನು ಒಮ್ಮೆಗೇ ಬಿಗಿಹಿಡಿದೆವು. ವಾಹನವು ಬಾಗಿದ್ದಿತು, ಕೆಳಗೆ ಜಲ್ಲಿಯಿದ್ದಿತು. ಮುಂದಿನ ಚಕ್ರವು ಜಾರಿತು. ಹೆಗಲಿನ ಎಲುಬು ಮುರಿದು ಆರು ವಾರ ತೋಳನ್ನು ಕೊರಳಿಗೆ ಕಟ್ಟಿಕೊಂಡಿದ್ದೆವು. ಶಿರಸ್ತ್ರಾಣವಿಲ್ಲದ ತಲೆಗೆ ಪೆಟ್ಟಾಗದೆ ಉಳಿದುದು ನಮ್ಮ ಜಾಣತನದಿಂದಲ್ಲ. ಅಂದಿನಿಂದ ನಾವು ಊರಿಗೆ ಹೋದಾಗಲೆಲ್ಲ, ಮನೆ ಸೇರುವುದು ತಡವಾದರೆ ನಮ್ಮ ತಾಯಿಯವರು ದೀಪವಾರಿಸುತ್ತಿರಲಿಲ್ಲ. ಅನಂತರ ಕ್ರಮವಾಗಿ ಕಲಿತು, ಮೂವತ್ತು ವರ್ಷ ಮೋಟಾರು ಸೈಕಲ್ಲಿನಲ್ಲಿಯೇ ಶಾಲೆಗೆ ಹೋಗಿಬಂದೆವು.

ಸಂಸ್ಕೃತದಲ್ಲಿ 'ಯಮ್' ಎಂಬ ಧಾತುವಿಗೆ ತಡೆದು ಹಿಡಿ, ಅಂಕೆಯಲ್ಲಿಡು ಎಂದರ್ಥ. 'ಯಂತ್ರ' ಎಂಬ ಶಬ್ದವು ಅದರಿಂದ ಬಂದುದು. ಸಾರಥಿಗಿರುವ 'ಯಂತಾ' ಎಂಬ ಹೆಸರೂ ಅದರಿಂದಲೇ ಬಂದುದು. ಕುದುರೆಗಳು ತಾವಾಗಿಯೇ ಓಡಬಲ್ಲವು. ಅವುಗಳನ್ನು ತಡೆಯಬಲ್ಲವನು ಸಾರಥಿ. ಹುಡುಗನಿಗೆ ಇದನ್ನು ಹೇಳಿ ಪಾಠವನ್ನಾರಂಭಿಸಿದೆವು.

ಕಲಿಕೆಯ ಪರವಾನಗಿಯನ್ನು ಮಾಡಿಸಿದ ಮೇಲೆಯೇ ಅವನನ್ನು ವಾಹನದ ಬಳಿಗೆ ಬಿಟ್ಟೆವು. ಮೊದಲನೆಯ ದಿನ ಎಂಜಿನನ್ನು ಚಾಲೂ ಮಾಡಲೇ ಇಲ್ಲ. ಶಾಲೆಯ ಬಯಲಿನಲ್ಲಿ ವಾಹನವನ್ನು ಕೈಯಿಂದ ನೂಕಿ ನಡೆಸುತ್ತ ಅದರ ಭಾರವನ್ನೂ ಬ್ರೇಕಿನ ಹಿಡಿತವನ್ನೂ ಅವನು ತಿಳಿದುಕೊಂಡನು. ಎರಡನೆಯ ದಿನ ಕ್ಲಚ್ಚು: ಎಡಗೈಯ ಹಿಡಿಯನ್ನು ಮೆಲ್ಲಮೆಲ್ಲನೆ ಬಿಡುವಾಗ ಎಂಜಿನಿನ ಶಕ್ತಿಯು ಚಕ್ರಕ್ಕೆ ತಗಲುವ ಸ್ಥಾನವೊಂದುಂಟು, ಅದು ಕೈಗೆ ಪರಿಚಯವಾಗುವವರೆಗೆ ಮುಂದಿನ ಪಾಠವಿಲ್ಲ. ಮೂರನೆಯ ದಿನದಿಂದ ನೆಲದ ಮೇಲೆ ಸುಣ್ಣದ ಗೆರೆಯೆಳೆದು, ಗೆರೆಯ ಬಳಿ ನಿಲ್ಲಿಸೆಂದೆವು.

ಬ್ರೇಕು ಹಾಕಿದೊಡನೆ ವಾಹನದ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆದಕಾರಣ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದಕ್ಕೆ ಹೆದರಿ ಬಲಗಾಲಿನ ಬ್ರೇಕನ್ನೊಂದನ್ನೇ ನೆಚ್ಚುವುದು ತಪ್ಪು. ನಮ್ಮಂತೆ ಫಕ್ಕನೆ ಅದುಮುವುದು ಇನ್ನೂ ದೊಡ್ಡ ತಪ್ಪು. ಎರಡನ್ನೂ ಜೊತೆಯಾಗಿ, ಹಣ್ಣಿನ ರಸ ಹಿಂಡುವಂತೆ ಬರಬರುತ್ತ ಬಿಗಿಗೊಳಿಸತಕ್ಕದ್ದು. ವೇಗವನ್ನು ತಿರುವಿಗೆ ಮೊದಲೇ, ವಾಹನವು ನೆಟ್ಟಗಿರುವಾಗಲೇ ಇಳಿಸತಕ್ಕದ್ದು. ತಿರುವಿನಲ್ಲಿ ದೃಷ್ಟಿಯು ಹೋಗಬೇಕಾದ ದಾರಿಯ ಕಡೆಗಿರಲಿ. ಗುಂಡಿಯನ್ನೇ ನೋಡುವವನು ಗುಂಡಿಗೇ ಹೋಗುತ್ತಾನೆ.

ಐದನೆಯ ದಿನ ಅವನಿಗೆ ಬೇಸರ ಬಂದಿತು. ಆಗ ಕಾಗದ ಕೊಟ್ಟು ಲೆಕ್ಕ ಮಾಡಿಸಿದೆವು. ಗಂಟೆಗೆ 40 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 11 ಮೀಟರು. ಅಪಾಯವನ್ನು ಕಂಡು ಕೈ ಬ್ರೇಕನ್ನು ಹಿಡಿಯಲು ಒಂದು ಸೆಕೆಂಡಾದರೆ ಅಷ್ಟು ದೂರ ಸುಮ್ಮನೆ ಹೋಯಿತು. ಒಣರಸ್ತೆಯಲ್ಲಿ ಸಾಧಾರಣವಾಗಿ ಬ್ರೇಕು ಹಿಡಿದರೆ ನಿಲ್ಲಲು ಮತ್ತೆ ಸುಮಾರು 12 ಮೀಟರು. ಒಟ್ಟು 23. ವೇಗವು 80 ಆದರೆ? ಸುಮ್ಮನೆ ಹೋಗುವ ದೂರವು ಇಮ್ಮಡಿ, ಬ್ರೇಕಿನ ದೂರವು ನಾಲ್ಮಡಿ. ಒಟ್ಟು ಸುಮಾರು 70 ಮೀಟರು! ಹುಡುಗನು ಬಯಲಿನಲ್ಲಿ ಅಷ್ಟು ದೂರವನ್ನು ಹೆಜ್ಜೆಯಿಂದ ಅಳೆದು ನೋಡಿ, ಮಾತಿಲ್ಲದೆ ಸುಣ್ಣದ ಗೆರೆಗೆ ಹಿಂದಿರುಗಿದನು.

ನೆಲದ ಗುಣವನ್ನೂ ತಿಳಿಯಬೇಕು. ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆಯೂ ಧೂಳೂ ಕಲೆತು ಜಾರುತ್ತವೆ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡುವುದುಂಟು. ಅದರ ಮೇಲೆ ಬ್ರೇಕು ಹಿಡಿಯುವುದೂ ತಿರುಗಿಸುವುದೂ ಅಪಾಯ. ದೂರದಿಂದಲೇ ವೇಗವಿಳಿಸಿ ನೆಟ್ಟಗೆ ದಾಟತಕ್ಕದ್ದು.

ಗೃಹಸ್ಥರು ಅರಿತಿರಬೇಕಾದ ವಿಷಯಗಳು ಕೆಲವುಂಟು. ಗೇರಿನ ಮೋಟಾರು ಸೈಕಲ್ಲಿಗೆ ಹದಿನೆಂಟು ವರ್ಷ ತುಂಬಿರಬೇಕು. ಕಲಿಕೆಯ ಪರವಾನಗಿಯ ಅವಧಿಯು ಆರು ತಿಂಗಳು. ಅದು ದೊರೆತು 30 ದಿನ ಕಳೆಯದೆ ಪಕ್ಕಾ ಪರವಾನಗಿಯ ಪರೀಕ್ಷೆಯಿಲ್ಲ. ಕಲಿಯುವವನು ಕಲಿಸುವವರ ಹೊರತು ಮತ್ತಾರನ್ನೂ ಹಿಂದೆ ಕೂರಿಸಿಕೊಳ್ಳಕೂಡದು. ವಯಸ್ಸಾಗದ ಮಗನಿಗೆ ಮಮತೆಯಿಂದ ವಾಹನ ಕೊಟ್ಟು ಅವನು ತಪ್ಪೆಸಗಿದರೆ, 2019ರ ತಿದ್ದುಪಡಿಯಂತೆ ಹಿರಿಯರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಯೂ ಆಗಬಹುದು. ಶಿರಸ್ತ್ರಾಣಕ್ಕೆ ಐಎಸ್‌ಐ ಗುರುತಿರಲಿ; ಗದ್ದದ ಪಟ್ಟಿಯನ್ನು ಬಿಗಿಯದ ಶಿರಸ್ತ್ರಾಣವು ಬೀಳುವಾಗ ತಲೆಯಿಂದ ಕಳಚಿಹೋಗುವುದು.

ಒಂದು ತಿಂಗಳಾದ ಮೇಲೆ ಹುಡುಗನು ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಅಂದು ಸಂಜೆ ಪೇಟೆಯಿಂದ ಹಾಲು ತರಲು ಒಬ್ಬನೇ ಹೊರಟನು. ಅವನ ತಾಯಿಯು ಅಡಿಗೆಮನೆಯಲ್ಲಿದ್ದರೂ ಅವಳ ಕಿವಿಯು ಬೀದಿಯಲ್ಲಿಯೇ ಇದ್ದಿತು. ಇಪ್ಪತ್ತು ನಿಮಿಷಗಳ ಬಳಿಕ ವಾಹನದ ಸದ್ದು ಹತ್ತಿರವಾಗಿ, ತಗ್ಗಿ, ನಮ್ಮ ಬಾಗಿಲಲ್ಲಿ ನಿಂತಿತು. ಅವಳು ಏನೂ ಹೇಳದೆ ಒಲೆಯ ಕಡೆಗೆ ತಿರುಗಿದಳು. ಅಂದು ದೀಪವಾರಿಸದೆ ಕುಳಿತಿರುತ್ತಿದ್ದ ನಮ್ಮ ತಾಯಿಯವರು ಯಾವ ಸದ್ದಿಗಾಗಿ ಕಾಯುತ್ತಿದ್ದರೆಂಬುದು ನಮಗೆ ಈ ವಯಸ್ಸಿನಲ್ಲಿ ತಿಳಿಯಿತು.