ಹೊಟ್ಟೆಗೆ ಹಾಕುವ ಹೆಣಿಗೆ ತೇಪೆ

ನೇಯ್ಗೆ ಬೇರೆ, ಹೆಣಿಗೆ ಬೇರೆ ಎಂದು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿದವರಿಗೆ ಹೇಳಿಕೊಡಬೇಕಿಲ್ಲ. ಕೊಯಮತ್ತೂರಿನ ಕಡೆ ಮನೆಯಲ್ಲಿ ಕನ್ನಡ ಆಡುವ, ಮಗ್ಗವನ್ನೇ ನಂಬಿ ಬಂದ ದೇವಾಂಗದವರಿಗೂ ಅಷ್ಟೇ. ಹರ್ನಿಯಾ ಆಪರೇಷನ್ನಿನಲ್ಲಿ ಹೊಟ್ಟೆಗೆ ಹಾಕುವ ಮೆಶ್ ಎಂಬ ತೇಪೆ ಕೂಡ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಳೆಯಲ್ಲಿ ಹೆಣೆದದ್ದೇ. ಹೆಣಿಗೆಯಾದ್ದರಿಂದ ಅದು ಹೊಟ್ಟೆ ಬಾಗಿದಂತೆ ಬಾಗುತ್ತದೆ; ಅದರ ಕಣ್ಣುಗಳೊಳಗೆ ನಮ್ಮದೇ ಮಾಂಸ ಬೆಳೆದು ಬಿಗಿಯಾಗಿ ಕೂರುತ್ತದೆ.

ಹೊಟ್ಟೆಯ ಗೋಡೆ ಸಡಿಲವಾದ ಕಡೆ, ಅಂದರೆ ಹೊಕ್ಕುಳಲ್ಲೋ ಹಳೆಯ ಆಪರೇಷನ್ನಿನ ಗೆರೆಯಲ್ಲೋ, ಒಳಗಿನದು ಹೊರಗೆ ಉಬ್ಬಿದರೆ ಅದು ಹರ್ನಿಯಾ. ತಮಿಳಿನಲ್ಲಿ ‘ಕುಡಲಿರಕ್ಕಂ’, ಕರುಳು ಇಳಿಯುವುದು. ಹೊಕ್ಕುಳಲ್ಲಿ ಮೊದಲು ಇಣುಕುವುದು ಹೆಚ್ಚಾಗಿ ಕರುಳಲ್ಲ, ಕೊಬ್ಬು.

ಬರೀ ಹೊಲಿಗೆ ಹಾಕಿದರೆ ಸಾಲದೇ? ಹಳೆಯ ಗಾಯದ ಹರ್ನಿಯಾ ಇದ್ದವರನ್ನು ಹತ್ತು ವರ್ಷ ಗಮನಿಸಿದ ನೆದರ್ಲೆಂಡ್ಸಿನ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೊಲಿಗೆ ಮಾತ್ರ ಹಾಕಿದವರಲ್ಲಿ ಶೇಕಡಾ 63 ಮಂದಿಗೆ ಹರ್ನಿಯಾ ಮರಳಿತ್ತು, ಮೆಶ್ ಹಾಕಿದವರಲ್ಲಿ ಶೇಕಡಾ 32. ಮೆಶ್ ಗೆದ್ದಿತು ನಿಜ, ಆದರೆ ಮೂವರಲ್ಲಿ ಒಬ್ಬರಿಗೆ ಮರಳುವುದೆಂದರೆ ಸಣ್ಣ ಮಾತಲ್ಲ.

ಬೊಜ್ಜಿನ ಲೆಕ್ಕ ಬರುವುದು ಇಲ್ಲಿ. ಮಲಗಿದಾಗ ಹೊಟ್ಟೆಯೊಳಗಿನ ಒತ್ತಡ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಪಾದರಸ. ತೀವ್ರ ಬೊಜ್ಜಿದ್ದವರಲ್ಲಿ 9ರಿಂದ 14ರವರೆಗೂ ಇರಬಹುದು. ಕೆಮ್ಮು, ಭಾರ ಎತ್ತುವುದು ಬೇರೆ. ಹೊಸ ಹೊಲಿಗೆ ಹಗಲೂ ರಾತ್ರಿ ಆ ಎಳೆತವನ್ನು ತಡೆಯಬೇಕು. ಚರ್ಮದಡಿಯ ದಪ್ಪ ಕೊಬ್ಬಿಗೆ ರಕ್ತ ಹರಿಯುವುದೂ ಕಡಿಮೆ. ಗಾಯದಲ್ಲಿ ನೀರು ತುಂಬುತ್ತದೆ, ಕೀವು ಕಟ್ಟುತ್ತದೆ. ಕೀವು ಮೆಶ್‌ಗೆ ತಗುಲಿದರೆ ಕೆಲವೊಮ್ಮೆ ಅದನ್ನೇ ತೆಗೆಯಬೇಕಾಗುತ್ತದೆ. ಬೊಜ್ಜಿನ ಬೆನ್ನಿಗೇ ಸಕ್ಕರೆ ಕಾಯಿಲೆ ಇದ್ದರಂತೂ ಕೇಳುವುದೇ ಬೇಡ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವೂ ಹೆಚ್ಚು. ಆಪರೇಷನ್ ಆದ ಕೂಡಲೇ ಎಬ್ಬಿಸಿ ನಡೆಸುವುದು ಅದಕ್ಕೇ.

ದಪ್ಪಗಿರುವವರಿಗೆ ಕೀಹೋಲ್ ವಿಧಾನದ ಲಾಭ ಹೆಚ್ಚು: ಗಾಯ ಚಿಕ್ಕದು, ಕೀವಿನ ಅಪಾಯ ಕಡಿಮೆ. ಮರಳುವ ಸಂಭವವನ್ನು ಅದು ಅಷ್ಟೇನೂ ತಗ್ಗಿಸುವುದಿಲ್ಲ, ಜಾಹೀರಾತು ಏನೇ ಹೇಳಲಿ. ಈ ವಿಧಾನವನ್ನು ದೇಶದಲ್ಲಿ ಬೆಳೆಸಿದ ಮೊದಲಿಗರಲ್ಲಿ ಒಬ್ಬರಾದ ಡಾ. ಸಿ. ಪಳನಿವೇಲು ಅವರ ಜೆಮ್ ಆಸ್ಪತ್ರೆ ಕೊಯಮತ್ತೂರಿನಲ್ಲೇ ಇದೆ.

ತುರ್ತಿಲ್ಲದ ಹರ್ನಿಯಾ ಆದರೆ, ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 40 ದಾಟಿದ್ದವರಿಗೆ ‘ಮೊದಲು ತೂಕ ಇಳಿಸಿ ಬನ್ನಿ’ ಎನ್ನುವ ವೈದ್ಯರೇ ಹೆಚ್ಚು. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಕೆಳಗೆ ಬರುವುದು ಒಳ್ಳೆಯದು. ತೂಕ ತೀರಾ ಹೆಚ್ಚಿದ್ದರೆ ಮೊದಲು ಬೊಜ್ಜಿನ ಶಸ್ತ್ರಚಿಕಿತ್ಸೆ, ಆಮೇಲೆ ಹರ್ನಿಯಾ ಎಂಬ ದಾರಿಯೂ ಇದೆ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಿ. ಆ ಮದ್ದಿನಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಆಹಾರ ಅರಿವಳಿಕೆಯ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಖರ್ಚಿನ ಮಾತು: ಇಎಸ್‌ಐ ಕಾರ್ಡಿರುವ ಕಾರ್ಮಿಕರು ಸಿಂಗಾನಲ್ಲೂರಿನ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಉಳಿದವರು ಕೊಯಮತ್ತೂರು, ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ವಿಮಾ ಯೋಜನೆಯ ಬಗ್ಗೆ ಕೇಳಲಿ.

ತೂಕ ಇಳಿಯಲಿ ಎಂದು ಕಾಯುವುದಕ್ಕೂ ಒಂದು ಮಿತಿಯಿದೆ. ಒಳಗೆ ಹೋಗುತ್ತಿದ್ದ ಗಂಟು ಹೋಗದೆ ಗಟ್ಟಿಯಾಯಿತು, ನೋವು ಬಿಡುತ್ತಿಲ್ಲ, ವಾಂತಿ ಶುರುವಾಯಿತು, ಮೇಲಿನ ಚರ್ಮ ಕೆಂಪಾಯಿತು ಎಂದರೆ ಒಳಗಿನ ಕರುಳು ಸಿಕ್ಕಿಕೊಂಡು ರಕ್ತ ನಿಂತಿರಬಹುದು. ಆಗ ತಕ್ಕಡಿಯ ಮಾತೇ ಇಲ್ಲ. ಏನನ್ನೂ ತಿನ್ನದೆ, ಕುಡಿಯದೆ ಕೂಡಲೇ 108ಕ್ಕೆ ಕರೆ ಮಾಡಿ.