ಬರೆದರೆ ಒಂದೇ ಅಂಕಿ, ಓದಿದರೆ ಹಲವು

ಡಾನ್ ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿ 99.94. ಕ್ರಿಕೆಟ್ ಬಲ್ಲವರಿಗೆ ಈ ಸಂಖ್ಯೆಯ ಪರಿಚಯ ಮಾಡಿಕೊಡಬೇಕಿಲ್ಲ. 1948ರಲ್ಲಿ ಓವಲ್ ಮೈದಾನದ ಕೊನೆಯ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಬಂದಿದ್ದರೆ ಸರಾಸರಿ ಸರಿಯಾಗಿ ನೂರಾಗುತ್ತಿತ್ತು; ಎರಿಕ್ ಹಾಲಿಸ್ ಎಸೆತಕ್ಕೆ ಅವರು ಸೊನ್ನೆಗೇ ಬೌಲ್ಡ್ ಆದರು. ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆ ಎಬಿಸಿಯ ಅಂಚೆಪೆಟ್ಟಿಗೆಯ ಸಂಖ್ಯೆಯೂ 9994. ಆ ದೇಶದಲ್ಲಿ ಇದನ್ನು ಓದುವುದು ‘ನೈಂಟಿನೈನ್ ಪಾಯಿಂಟ್ ನೈನ್ ಫೋರ್’ ಎಂದು. ನಮ್ಮಲ್ಲಿ ಅನೇಕರ ಬಾಯಲ್ಲಿ ಅದು ‘ಪಾಯಿಂಟ್ ನೈಂಟಿಫೋರ್’ ಆಗುತ್ತದೆ.

ಇದು ಬರೀ ಉಚ್ಚಾರಣೆಯ ವ್ಯತ್ಯಾಸ ಎಂದು ಬಿಟ್ಟುಬಿಡುವಂಥದ್ದಲ್ಲ. ಬಿಂದುವಿನ ಬಲಗಡೆಯ ಮೊದಲ ಅಂಕಿ ಹತ್ತರಲ್ಲಿ ಎಷ್ಟು ಪಾಲು ಎಂದು ಹೇಳುತ್ತದೆ, ಎರಡನೆಯದು ನೂರರಲ್ಲಿ ಎಷ್ಟು ಎಂದು. ಒಂದೊಂದೇ ಅಂಕಿಯಾಗಿ ಹೇಳಿದರೆ ಪ್ರತಿಯೊಂದರ ಸ್ಥಾನ ಕಿವಿಗೆ ತಿಳಿಯುತ್ತದೆ. ಎರಡನ್ನೂ ಕೂಡಿಸಿ ತೊಂಬತ್ತನಾಲ್ಕು ಎಂದರೆ ಅದೊಂದು ಪೂರ್ಣಸಂಖ್ಯೆಯಂತೆ ಕೇಳಿಸುತ್ತದೆ. ಐದನೇ ತರಗತಿಯ ಮಗುವಿಗೆ 9.8 ಮತ್ತು 9.75 ಕೊಟ್ಟು ಯಾವುದು ದೊಡ್ಡದು ಎಂದು ಕೇಳಿ ನೋಡಿ. ‘ಒಂಬತ್ತು ಪಾಯಿಂಟ್ ಎಪ್ಪತ್ತೈದು’ ಎಂದು ಓದಿ ಅಭ್ಯಾಸವಾದ ಮಗು, ಎಂಟಕ್ಕಿಂತ ಎಪ್ಪತ್ತೈದು ದೊಡ್ಡದಲ್ಲವೇ ಎಂದು 9.75ರ ಮೇಲೆ ಬೆರಳಿಡುವ ಸಾಧ್ಯತೆ ಹೆಚ್ಚು. ‘ಏಳು ಐದು’ ಎಂದು ಓದುವ ಮಗು ಎಂಟನ್ನು ಏಳರ ಜೊತೆ ಹೋಲಿಸುತ್ತದೆ, ಉತ್ತರ ಸರಿಹೋಗುತ್ತದೆ. ಗಣಿತದ ಮೇಷ್ಟ್ರುಗಳು ಬೋರ್ಡಿನ ಮೇಲೆ ತಿದ್ದುವ ತಪ್ಪುಗಳಲ್ಲಿ ಕೆಲವಾದರೂ ಬಾಯಿಯಿಂದಲೇ ಶುರುವಾಗಿರುತ್ತವೆ.

ಈ ಅಭ್ಯಾಸ ನಮಗೆ ದುಡ್ಡಿನ ಲೆಕ್ಕದಿಂದ ಬಂದಿರಬೇಕು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನೂರು ನಯಾ ಪೈಸೆಯ ರೂಪಾಯಿ ಬಂತು. 12.50 ಅಂದರೆ ಹನ್ನೆರಡು ರೂಪಾಯಿ ಐವತ್ತು ಪೈಸೆ. ಅಲ್ಲಿ ಐವತ್ತು ಎನ್ನುವುದೇ ಸರಿ, ಏಕೆಂದರೆ ಪೈಸೆ ಬೇರೆ ನಾಣ್ಯ. ಇಂಗ್ಲಿಷರೂ ಹಣಕ್ಕೆ ‘ಟ್ವೆಲ್ವ್ ಫಿಫ್ಟಿ’ ಎನ್ನುತ್ತಾರೆ. ಆದರೆ ಅದೇ ರಾಗವನ್ನು ನಾವು ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರಿಗೂ, ಮಳೆಯ ಸೆಂಟಿಮೀಟರಿಗೂ, ಜ್ವರದ ಡಿಗ್ರಿಗೂ ಹಚ್ಚಿಬಿಟ್ಟೆವು.

ಬಿಂದು ಇದ್ದಮಾತ್ರಕ್ಕೆ ಅದು ದಶಮಾಂಶವೇ ಆಗಬೇಕೆಂದೂ ಇಲ್ಲ. ಕ್ರಿಕೆಟ್‌ನಲ್ಲಿ 19.4 ಓವರ್ ಎಂದರೆ ಹತ್ತೊಂಬತ್ತು ಓವರ್ ಮತ್ತು ನಾಲ್ಕು ಎಸೆತ, 19.5ರ ನಂತರದ ಸರಿಯಾದ ಎಸೆತಕ್ಕೆ ಇಪ್ಪತ್ತು ತುಂಬುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬಳಸುವ ಪೈಥಾನ್ ಭಾಷೆಯ 3.9ನೇ ಆವೃತ್ತಿಯ ನಂತರ ಬಂದದ್ದು 3.10. ಅದನ್ನು ‘ತ್ರೀ ಪಾಯಿಂಟ್ ಟೆನ್’ ಎಂದೇ ಓದಬೇಕು, ಇಲ್ಲವಾದರೆ ಹಳೆಯ 3.1 ಎಂದು ತಿಳಿದಾರು.

ಇಸವಿಗಳ ಕಥೆ ಬೇರೆ. ನಾವು 1947ನ್ನು ಸಾವಿರದ ಒಂಬೈನೂರ ನಲವತ್ತೇಳು ಎನ್ನುತ್ತೇವೆ, ಹತ್ತೊಂಬತ್ತುನೂರ ನಲವತ್ತೇಳು ಎನ್ನುವವರೂ ಇದ್ದಾರೆ. ಇಂಗ್ಲಿಷಿನವರು ಇಸವಿಯನ್ನು ಎರಡೆರಡು ಅಂಕಿಗಳಾಗಿ ಒಡೆಯುತ್ತಾರೆ: ‘ನೈಂಟೀನ್ ಫಾರ್ಟಿಸೆವೆನ್’. 1905ಕ್ಕೆ ನಡುವೆ ಒಂದು ‘ಓ’ ಸೇರುತ್ತದೆ. ಈ ಪದ್ಧತಿ ಮುಗ್ಗರಿಸಿದ್ದು ಹೊಸ ಸಹಸ್ರಮಾನ ಬಂದಾಗ. 2001ನ್ನು ‘ಟ್ವೆಂಟಿ ಒನ್’ ಎಂದರೆ ಇಪ್ಪತ್ತೊಂದಾಗುತ್ತದೆ. 1968ರಲ್ಲೇ ಸ್ಟ್ಯಾನ್ಲಿ ಕುಬ್ರಿಕ್ ಅವರ ಸಿನಿಮಾ ಆ ಇಸವಿಯನ್ನು ಹೆಸರಿನಲ್ಲಿ ಹೊತ್ತು ಬಂದಿತ್ತು, ಜನ ಅದನ್ನು ‘ಟೂ ಥೌಸಂಡ್ ಅಂಡ್ ಒನ್’ ಎಂದೇ ಕರೆದಿದ್ದರು. ಆ ದಶಕವಿಡೀ ಸಾವಿರದ ಲೆಕ್ಕವೇ ನಡೆಯಿತು. 2010 ದಾಟಿದ ಮೇಲೆ ಹಳೆಯ ಜೋಡಿ ಪದ್ಧತಿ ಮರಳಿತು. ಲಂಡನ್ ಒಲಿಂಪಿಕ್ಸ್ ಎಲ್ಲರ ಬಾಯಲ್ಲೂ ‘ಟ್ವೆಂಟಿ ಟ್ವೆಲ್ವ್’ ಆಯಿತು. ಯಾರೂ ಕಾನೂನು ಮಾಡಲಿಲ್ಲ. ನಾಲಿಗೆಗೆ ಹಗುರವಾದದ್ದು ಉಳಿಯಿತು.

ಸೊನ್ನೆಗಂತೂ ಆ ಭಾಷೆಯಲ್ಲಿ ಊರಿಗೊಂದು ಹೆಸರು. ಬ್ರಿಟನ್ನಿನ ಲೆಕ್ಕದಲ್ಲಿ ‘ನಾಟ್’, ಫುಟ್‌ಬಾಲ್‌ನಲ್ಲಿ ‘ನಿಲ್’, ಟೆನಿಸ್‌ನಲ್ಲಿ ‘ಲವ್’, ಸೊನ್ನೆಗೆ ಔಟಾದ ಬ್ಯಾಟರ್‌ಗೆ ‘ಡಕ್’, ಫೋನ್ ನಂಬರಿನಲ್ಲಿ ‘ಓ’. ನೂರೈದನ್ನು ಬ್ರಿಟಿಷರು ‘ಹಂಡ್ರೆಡ್ ಅಂಡ್ ಫೈವ್’ ಎಂದರೆ ಅಮೆರಿಕದ ಎಷ್ಟೋ ಶಿಕ್ಷಕರು ಆ ‘ಅಂಡ್’ ಬೇಡವೆನ್ನುತ್ತಾರೆ. ಅವರ ಪ್ರಕಾರ ಅದು ದಶಮಾಂಶ ಬಿಂದುವಿಗೆ ಮೀಸಲು.

ಇಷ್ಟೊಂದು ಬಗೆ ಇರುವ ಭಾಷೆಯೇ ಆಕಾಶದ ಭಾಷೆಯೂ ಆಯಿತು. ಅಲ್ಲಿ ಏನಾಗಬಹುದೆಂಬುದಕ್ಕೆ 1989ರ ಫೆಬ್ರವರಿ 19ರ ದುರಂತ ಸಾಕ್ಷಿ. ಫ್ಲೈಯಿಂಗ್ ಟೈಗರ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನ ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬರುತ್ತಿತ್ತು. 2400 ಅಡಿಗೆ ಇಳಿಯಿರಿ ಎಂದು ಹೇಳಲು ನಿಯಂತ್ರಕರು ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’ ಎಂದರು. ಇಲ್ಲಿನ ‘ಟೂ’ ಎರಡು ಎಂಬ ಅಂಕಿ. ಪೈಲಟ್‌ಗೆ ಅದು ‘ವರೆಗೆ’ ಎಂಬ ಅರ್ಥದ ‘ಟು’ ಆಗಿ ಕೇಳಿಸಿತು. ನಾಲ್ಕುನೂರು ಅಡಿಗೆ ಇಳಿಯುತ್ತೇವೆಂದು ಅವರು ಮರಳಿ ಹೇಳಿದಾಗ ಅದನ್ನು ಯಾರೂ ತಿದ್ದಲಿಲ್ಲ. ನೆಲ ಹತ್ತಿರ ಬಂತೆಂದು ಕಾಕ್‌ಪಿಟ್‌ನ ಯಂತ್ರ ಎಚ್ಚರಿಸಿತ್ತು. ವಿಮಾನ ಗುಡ್ಡಕ್ಕೆ ಅಪ್ಪಳಿಸಿತು, ಅದರಲ್ಲಿದ್ದ ನಾಲ್ವರೂ ಸತ್ತರು. ಎಚ್ಚರಿಕೆಯನ್ನು ಕಡೆಗಣಿಸಿದ್ದು ಸೇರಿದಂತೆ ಬೇರೆ ಲೋಪಗಳೂ ಇದ್ದವು, ನಿಜ. ಆದರೆ ಅವೆಲ್ಲಕ್ಕೂ ಮೊದಲು ಕೆಟ್ಟದ್ದು ಒಂದು ಸಂಖ್ಯೆಯನ್ನು ಆಡಿದ ರೀತಿ, ಕೇಳಿದ ರೀತಿ.

ಇಂಥ ತಪ್ಪು ತಡೆಯಲೆಂದೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅಂಕಿಗಳ ಉಚ್ಚಾರವನ್ನೇ ಗೊತ್ತುಮಾಡಿದೆ. ಮೂರು ‘ಟ್ರೀ’, ಐದು ‘ಫೈಫ್’, ಒಂಬತ್ತು ‘ನೈನರ್’, ಸಾವಿರ ‘ಟೌಸಂಡ್’. ಫೈವ್ ಮತ್ತು ನೈನ್ ರೇಡಿಯೋ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ, ಅದಕ್ಕೇ ಈ ಬದಲಾವಣೆ. 118.1 ಆವರ್ತನವನ್ನು ‘ಒನ್ ಒನ್ ಏಟ್ ಡೆಸಿಮಲ್ ಒನ್’ ಎಂದು ಹೇಳಬೇಕು. ನಮ್ಮ ದೇಶದ ಪೈಲಟ್‌ಗಳೂ ನಿಯಂತ್ರಕರೂ ಅನುಸರಿಸುವುದು ಇದನ್ನೇ. ಕೇಳಿದ್ದನ್ನು ಮರಳಿ ಹೇಳುವುದು ಕಡ್ಡಾಯ, ಮರಳಿ ಹೇಳಿದ್ದನ್ನು ಗಮನವಿಟ್ಟು ಕೇಳಿ ತಿದ್ದುವುದೂ ಅಷ್ಟೇ ಕಡ್ಡಾಯ.

ಆಸ್ಪತ್ರೆಯಲ್ಲೂ ಇದೇ ಎಚ್ಚರ ಬೇಕು. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಫೋನಿನಲ್ಲಿ ಒಂದರಂತೆ ಇನ್ನೊಂದು ಕೇಳುತ್ತದೆ. ಹದಿನೈದು ಮಿಲಿಗ್ರಾಂ ಹೋಗಬೇಕಾದ ಕಡೆ ಐವತ್ತು ಹೋದರೆ ಜೀವಕ್ಕೇ ಕುತ್ತು. ಆದ್ದರಿಂದ ವೈದ್ಯರು ಬಾಯಿಮಾತಿನಲ್ಲಿ ಔಷಧ ಹೇಳುವಾಗ ‘ಫಿಫ್ಟೀನ್, ಒನ್ ಫೈವ್’ ಎಂದು ಅಂಕಿಗಳನ್ನು ಬಿಡಿಸಿ ಹೇಳಬೇಕೆಂಬುದು ಔಷಧ ಸುರಕ್ಷತೆಯ ತಜ್ಞರ ಸಲಹೆ. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಬ್ರಿಟನ್ನಿಗೋ ಕೊಲ್ಲಿಗೋ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ವ್ಯಾಕರಣಕ್ಕಿಂತ ಮೊದಲು ಬೇಕಾದ ಇಂಗ್ಲಿಷ್ ಇದು. ಕನ್ನಡದಲ್ಲೂ ಈ ತೊಡಕಿದೆ: ಇಪ್ಪತ್ತು, ಎಪ್ಪತ್ತು ಎರಡನ್ನೂ ಬಸ್ಸಿನ ಗದ್ದಲದಲ್ಲಿ ಫೋನಿನಲ್ಲಿ ಹೇಳಿ ನೋಡಿ.

ಹೊರದೇಶದವರೊಡನೆ ಮಾತಾಡುವ ಬೆಂಗಳೂರಿನ ಉದ್ಯೋಗಿಗಳಿಗೆ ತೊಂದರೆ ಬರುವುದು ಲಕ್ಷ, ಕೋಟಿ ಹೇಳುವಾಗ. ಫೋನ್ ನಂಬರ್ ಹೇಳುವಾಗಲೂ ಅಷ್ಟೇ: ನಮ್ಮ ‘ಡಬಲ್ ಫೈವ್’ ಬ್ರಿಟಿಷರಿಗೆ ಸಹಜ, ಅಮೆರಿಕದವರು ಸಾಮಾನ್ಯವಾಗಿ ‘ಫೈವ್ ಫೈವ್’ ಎನ್ನುತ್ತಾರೆ. ಇಂಥ ವ್ಯತ್ಯಾಸಗಳಿಗೆ ನಾವು ಸಂಕೋಚ ಪಡಬೇಕಾಗಿಲ್ಲ. ‘ಬಿಲಿಯನ್’ ಎಂದರೆ ನೂರು ಕೋಟಿಯೋ ಲಕ್ಷ ಕೋಟಿಯೋ ಎಂಬುದರಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಬಹುಕಾಲ ಒಮ್ಮತ ಇರಲಿಲ್ಲ; ಸರ್ಕಾರಿ ಲೆಕ್ಕದಲ್ಲಿ ಇನ್ನು ನೂರು ಕೋಟಿಯೆಂದೇ ಅರ್ಥ ಎಂದು ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಂಸತ್ತಿಗೆ ತಿಳಿಸಿದ್ದು 1974ರಲ್ಲಿ.

ಶಾಲೆಗಳಲ್ಲಿ ನಾವು ಸಂಖ್ಯೆಗಳನ್ನು ಬರೆಸುತ್ತೇವೆ, ಗಟ್ಟಿಯಾಗಿ ಓದಿಸುವುದು ಮಗ್ಗಿಯ ಜೊತೆಗೇ ಮುಗಿದುಹೋಗುತ್ತದೆ. ದಶಮಾಂಶದ ಪಾಠ ಬಂದಾಗ ಮಕ್ಕಳಿಂದ ಜೋರಾಗಿ ಓದಿಸಿ. ಬಿಂದು ದಾಟಿದ ಮೇಲೆ ಒಂದೊಂದೇ ಅಂಕಿ ಹೇಳಲಿ. ಮನೆಯಲ್ಲಿ ಅಜ್ಜಿಯ ಮಾತ್ರೆಯ ಪ್ರಮಾಣವನ್ನು, ಬ್ಯಾಂಕಿನ ಖಾತೆ ಸಂಖ್ಯೆಯನ್ನು ಫೋನಿನಲ್ಲಿ ಹೇಳುವಾಗ ಬಿಡಿಬಿಡಿಯಾಗಿ ಹೇಳಿ, ಆ ಕಡೆಯವರಿಂದ ಒಮ್ಮೆ ಮರಳಿ ಹೇಳಿಸಿಕೊಂಡೇ ಫೋನ್ ಇಡಿ.