ನೆಲಕ್ಕೂ ಸೈ, ನೀರಿಗೂ ಸೈ: ಆರು ಚಕ್ರದ ಹಳೆಯ ಗಾಡಿಯ ಕಥೆ

ಶರತ್ಕಾಲ ಬಂತೆಂದರೆ ಕೆನಡಾದ ಆಂಟಾರಿಯೊ ಪ್ರಾಂತ್ಯದ ಉತ್ತರದ ರಸ್ತೆಗಳಲ್ಲಿ ಒಂದು ವಿಚಿತ್ರ ವಾಹನ ಕಣ್ಣಿಗೆ ಬೀಳುತ್ತದೆ. ಪಿಕಪ್ ವ್ಯಾನಿನ ಹಿಂದೆ ಟ್ರೇಲರಿನ ಮೇಲೆ ಕುಳಿತು ಸಾಗುವ ಅದನ್ನು ಮೊದಲ ಬಾರಿ ನೋಡಿದವರಿಗೆ, ಸ್ನಾನದ ತೊಟ್ಟಿಗೆ ಯಾರೋ ಆರು ಚಕ್ರ ಜೋಡಿಸಿದಂತೆ ಕಾಣುತ್ತದೆ. ಬಾಗಿಲಿಲ್ಲ, ಸ್ಪ್ರಿಂಗಿಲ್ಲ, ಅನೇಕ ಮಾದರಿಗಳಲ್ಲಿ ಸ್ಟಿಯರಿಂಗ್ ಚಕ್ರವೂ ಇಲ್ಲ. ಆದರೆ ರಸ್ತೆ ಮುಗಿದ ಮೇಲೆ ಇದರ ಕೆಲಸ ಶುರು. ಕಾಡು, ಕೆಸರು, ಹಿಮ ಎಲ್ಲವನ್ನೂ ದಾಟಿ, ಕೆರೆ ಎದುರಾದರೆ ನಿಲ್ಲದೆ ಅದರೊಳಗೆ ಇಳಿದು ತೇಲುತ್ತಾ ಆಚೆ ದಡ ಸೇರುತ್ತದೆ.

ಇದು ಉಭಯಚರ ವಾಹನ, ಯಂತ್ರಲೋಕದ ಕಪ್ಪೆ. ಹೊಸದನ್ನು ಕೊಳ್ಳಬೇಕೆಂದರೆ ಸಣ್ಣ ಕಾರಿನಷ್ಟು ಹಣ ತೆರಬೇಕು. ಹಾಗಾಗಿ ಬಹಳ ಮಂದಿ ಹಳೆಯದನ್ನೇ ಹುಡುಕುತ್ತಾರೆ. ಯಾರದೋ ಕೊಟ್ಟಿಗೆಯ ಮೂಲೆಯಲ್ಲಿ ಹತ್ತಾರು ವರ್ಷ ಧೂಳು ತಿಂದ ಗಾಡಿ ಅಗ್ಗಕ್ಕೆ ಸಿಗುತ್ತದೆ. ಕೊಂಡವರು ರಿಪೇರಿ ಶುರುಮಾಡಿದ ಮೇಲೆ ‘ಮೂಗಿಗಿಂತ ಮೂಗುತಿ ಭಾರ’ ಎಂಬ ಗಾದೆಯ ಅರ್ಥ ತಿಳಿಯುತ್ತದೆ. ನಷ್ಟ ಹಣದ್ದೊಂದೇ ಆದರೆ ಹೇಗೋ ತಡೆದುಕೊಳ್ಳಬಹುದು. ನಡುಕೆರೆಯಲ್ಲಿ ತಳ ಸೋರಿದರೆ, ಇಳಿಜಾರಿನಲ್ಲಿ ಚೈನು ತುಂಡಾದರೆ ಪ್ರಾಣಕ್ಕೇ ಸಂಚಕಾರ.

ಜೌಗು ನಾಡಿನ ಕೂಸು

ಇಂಥ ಗಾಡಿ ಕೆನಡಾದಲ್ಲಿ ಬೇರೂರಿದ್ದಕ್ಕೆ ಅಲ್ಲಿನ ನೆಲವೇ ಕಾರಣ. ಉತ್ತರ ಕೆನಡಾದ ಅಪಾರ ಪ್ರದೇಶವನ್ನು ಆವರಿಸಿರುವುದು ‘ಮಸ್ಕೆಗ್’. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದವಿದು. ಪಾಚಿ ಕೊಳೆತು ಕೊಳೆತು ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡ ಮೆತ್ತನೆಯ ಜೌಗು ಅದು. ಕಾಲಿಟ್ಟರೆ ಹೂಳುತ್ತದೆ, ಜೀಪು ಇಳಿದರೆ ಮೇಲೇಳುವುದಿಲ್ಲ. ದೋಣಿ ತೇಲುವಷ್ಟು ನೀರೂ ಅಲ್ಲಿಲ್ಲ. ಬಲೆ ಒಡ್ಡಿ ತುಪ್ಪುಳದ ಪ್ರಾಣಿ ಹಿಡಿಯುವವರು, ವಿದ್ಯುತ್ ಮಾರ್ಗ ನೋಡಿಕೊಳ್ಳುವವರು, ಖನಿಜ ಹುಡುಕುವವರು ಈ ನೆಲವನ್ನು ದಾಟಲೇಬೇಕು. ‘ಮೂಸ್’ ಎಂಬ ದೈತ್ಯ ಸಾರಂಗದ ಬೇಟೆಗೆ ಹೋದವರ ಕಷ್ಟವಂತೂ ಇನ್ನೂ ದೊಡ್ಡದು. ಬಲಿತ ಗಂಡು ಮೂಸ್ 400 ಕಿಲೋ ಮೀರಿ ತೂಗುತ್ತದೆ. ಅದನ್ನು ಹೊತ್ತು ತರುವವರಾರು?

1960ರ ದಶಕದ ಆರಂಭದಲ್ಲಿ ಕೆನಡಾದಲ್ಲೇ ತಯಾರಾದ ‘ಜಿಗರ್’ ಈ ಪ್ರಶ್ನೆಗೆ ಉತ್ತರವಾಗಿ ಬಂತು. ಆರು ಚಕ್ರದ ಉಭಯಚರ ಗಾಡಿಗಳಲ್ಲಿ ಇದನ್ನೇ ಮೊದಲಿನದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. (ಹೆಸರಿಗೂ ಉರ್ದುವಿನ ‘ಜಿಗರ್’ಗೂ ಸಂಬಂಧವಿಲ್ಲ, ಗುಂಡಿಗೆ ಗಟ್ಟಿಯಿದ್ದವರೇ ಹತ್ತಬೇಕಾಗಿತ್ತು ಎಂಬುದು ಬೇರೆ ಮಾತು.) ಅದರ ಬೆನ್ನಿಗೇ ಆಂಫಿಕ್ಯಾಟ್, ಅಟೆಕ್ಸ್, ಹಸ್ಲರ್, ಸ್ಕ್ರಾಂಬ್ಲರ್, ಮ್ಯಾಕ್ಸ್ ಎಂದು ಹತ್ತಾರು ಹೆಸರುಗಳು ಮಾರುಕಟ್ಟೆಗೆ ನುಗ್ಗಿದವು. ಟ್ರ್ಯಾಕ್ಟರಿಗೆ ಹೆಸರಾದ ಅಮೆರಿಕದ ಆಲಿಸ್ ಚಾಮರ್ಸ್ ಕಂಪೆನಿ ಕೂಡ ‘ಟೆರಾ ಟೈಗರ್’ ಎಂಬ ಗಾಡಿ ಹೊರತಂದಿತು. 1975ರಲ್ಲಿ ಪ್ರಸಾರ ಆರಂಭಿಸಿದ ‘ಸ್ಪೇಸ್: 1999’ ಎಂಬ ಬ್ರಿಟಿಷ್ ಟಿ.ವಿ. ಧಾರಾವಾಹಿಯಲ್ಲಿ ಚಂದ್ರನ ಮೇಲೆ ಓಡಾಡಿದ ಗಾಡಿ ಬೇರಾವುದೂ ಅಲ್ಲ, ಆಂಫಿಕ್ಯಾಟ್!

ಆದರೆ ಈ ಭರಾಟೆ ಹೆಚ್ಚು ಕಾಲ ಉಳಿಯಲಿಲ್ಲ. 1970ರಲ್ಲಿ ಹೋಂಡಾ ಕಂಪೆನಿ ಅಮೆರಿಕದಲ್ಲಿ ಮೂರು ಚಕ್ರದ ಹಗುರ ಗಾಡಿಯನ್ನು ಮಾರಾಟಕ್ಕಿಟ್ಟಿತು. 1973ರ ತೈಲ ಬಿಕ್ಕಟ್ಟು ವಿನೋದ ವಾಹನಗಳ ವ್ಯಾಪಾರಕ್ಕೇ ಪೆಟ್ಟು ಕೊಟ್ಟಿತು. 1982ರಲ್ಲಿ ಸುಜುಕಿಯ ನಾಲ್ಕು ಚಕ್ರದ ಗಾಡಿ ಬಂದ ಮೇಲೆ ‘ಎಟಿವಿ’, ಅಂದರೆ ಎಲ್ಲ ನೆಲದ ವಾಹನ, ಎಂಬ ಹೆಸರೂ ಆರು ಚಕ್ರದವುಗಳ ಕೈತಪ್ಪಿ ಹೊಸಬರ ಪಾಲಾಯಿತು. ಒಂದೊಂದಾಗಿ ಕಾರ್ಖಾನೆಗಳು ಬಾಗಿಲು ಹಾಕಿದವು. ಅಮೆರಿಕದ ಬಫಲೋ ನಗರದ ಮ್ಯಾಕ್ಸ್ ಕೆಲವು ದಶಕ ಬಾಳಿತು. ಆಂಟಾರಿಯೊದ ನ್ಯೂ ಹ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ 1962ರಲ್ಲಿ ಗೇರ್ ತಯಾರಿಕೆಗೆಂದು ಹುಟ್ಟಿದ ‘ಆಂಟಾರಿಯೊ ಡ್ರೈವ್ ಅಂಡ್ ಗೇರ್’ ಕಂಪೆನಿ 1967ರಲ್ಲಿ ಹೊರತಂದ ‘ಆರ್ಗೊ’ ಗಟ್ಟಿಯಾಗಿ ನಿಂತಿತು. ಇದೇ ಕಂಪೆನಿ ಮುಂದೆ ಕೆನಡಾ ಬಾಹ್ಯಾಕಾಶ ಸಂಸ್ಥೆಗಾಗಿ ಚಂದ್ರನ ನೆಲಕ್ಕೆ ಹೊಂದುವ ಗಾಡಿಗಳ ನಮೂನೆ ರೂಪಿಸುವುದರಲ್ಲೂ ಪಾಲ್ಗೊಂಡಿತು.

ಕಂಪೆನಿಗಳು ಸತ್ತರೂ ಗಾಡಿಗಳು ಸಾಯಲಿಲ್ಲ. ತಯಾರಕರಿಲ್ಲದ ಈ ತಬ್ಬಲಿ ವಾಹನಗಳು ಕೈಯಿಂದ ಕೈಗೆ ಸಾಗುತ್ತಾ ಉಳಿದವು. ಅವುಗಳ ಜೊತೆಗೇ ರಿಪೇರಿಯ ಒಂದು ವಿದ್ಯೆಯೂ ಬೆಳೆಯಿತು.

ತಿರುಗುವುದು ಹೇಗೆ?

ಆ ವಿದ್ಯೆ ಅರ್ಥವಾಗಬೇಕಾದರೆ ಗಾಡಿ ಓಡುವ ಬಗೆ ತಿಳಿಯಬೇಕು. ಇದರ ಚಕ್ರಗಳು ಎಡಕ್ಕೂ ಹೊರಳುವುದಿಲ್ಲ, ಬಲಕ್ಕೂ ಹೊರಳುವುದಿಲ್ಲ. ಎಡಕ್ಕೆ ತಿರುಗಬೇಕಾದರೆ ಎಡಪಕ್ಕದ ಮೂರೂ ಚಕ್ರಗಳನ್ನು ತಡೆದು, ಬಲಪಕ್ಕದವನ್ನು ಓಡಲು ಬಿಡಬೇಕು. ಎತ್ತಿನ ಗಾಡಿ ಹೊಡೆಯುವವನು ಒಂದು ಎತ್ತನ್ನು ಜಗ್ಗಿ ಹಿಡಿದು ಇನ್ನೊಂದನ್ನು ಮುಂದಕ್ಕೆ ಬಿಟ್ಟು ಬಂಡಿ ಹೊರಳಿಸುವಂತೆಯೇ ಇದು. ಯುದ್ಧದ ಟ್ಯಾಂಕಿನದೂ ಹೆಚ್ಚು ಕಡಿಮೆ ಇದೇ ಉಪಾಯ.

ಎಂಜಿನ್ನಿನ ಶಕ್ತಿ ರಬ್ಬರ್ ಬೆಲ್ಟಿನ ಮೂಲಕ ಗೇರ್ ಬಾಕ್ಸಿಗೆ, ಅಲ್ಲಿಂದ ಚೈನುಗಳ ಮೂಲಕ ಚಕ್ರದ ಅಚ್ಚುಗಳಿಗೆ ಹೋಗುತ್ತದೆ. ಚೈನು, ಸ್ಪ್ರಾಕೆಟ್ಟು ಎಲ್ಲವೂ ತೊಟ್ಟಿಯ ಒಳಗೇ ಇರುತ್ತವೆ. ಬಹುತೇಕ ಗಾಡಿಗಳಿಗೆ ಸ್ಪ್ರಿಂಗ್ ಇಲ್ಲದ್ದರಿಂದ ಕುಲುಕಾಟವನ್ನು ನುಂಗುವುದು ದಪ್ಪ ಟೈರುಗಳ ಕೆಲಸ. ಕಾರಿನ ಟೈರಿಗೆ ಸುಮಾರು 30 ಪೌಂಡ್ ಗಾಳಿ ತುಂಬಿದರೆ ಇದಕ್ಕೆ 2ರಿಂದ 5 ಪೌಂಡ್ ಸಾಕು. ಮೆತ್ತಗಿನ ಟೈರು ಭಾರವನ್ನು ಅಗಲಕ್ಕೆ ಹರಡುವುದರಿಂದಲೇ ಮನುಷ್ಯನ ಕಾಲು ಹೂಳುವ ಕಡೆ ಗಾಡಿ ಹೂಳದೆ ಸಾಗುತ್ತದೆ. ನೀರಿನಲ್ಲಿ ಇದೇ ಟೈರುಗಳ ಗೆರೆಗಳು ಹುಟ್ಟಿನಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ವೇಗ ಮಾತ್ರ ನಡೆಯುವವನಷ್ಟೇ: ಗಂಟೆಗೆ ಸುಮಾರು 5 ಕಿಲೋಮೀಟರ್.

ಕೊಳ್ಳುವ ಮುನ್ನ

ಹಳೆಯ ಗಾಡಿ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಎಂಜಿನ್ ಚಾಲೂ ಮಾಡಿ ಕಿವಿಗೊಡುತ್ತಾರೆ. ಅನುಭವಿಗಳು ಎಂಜಿನ್ನನ್ನು ಕೊನೆಗೆ ನೋಡುತ್ತಾರೆ. ಎಂಜಿನ್ ಕೆಟ್ಟರೆ ಬೇರೊಂದನ್ನು ಕೂರಿಸಬಹುದು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಬಳಸುವಂಥ ಎಂಜಿನ್ನೇ ಅನೇಕ ಗಾಡಿಗಳಿಗೆ ಹೊಂದುತ್ತದೆ. ಗೇರ್ ಬಾಕ್ಸ್, ಅಚ್ಚು, ತೊಟ್ಟಿ ಕೆಟ್ಟರೆ ಹಾಗಲ್ಲ.

ಮೊದಲ ಕೆಲಸ, ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸುವುದು. ಒಂದೊಂದೇ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಬೇರಿಂಗ್ ಸವೆದಿರುವುದು ಗೊತ್ತಾಗುತ್ತದೆ. ತಿರುಗಿಸಿದಾಗ ಚಕ್ರ ಓಲಾಡಿದರೆ ಅಚ್ಚು ಬಾಗಿರಬಹುದು. ಪ್ರತಿ ಅಚ್ಚಿಗೆ ಒಳಗೊಂದು ಹೊರಗೊಂದು ಬೇರಿಂಗ್ ಎಂದರೆ, ಎಂಟು ಚಕ್ರದ ಗಾಡಿಗೆ 16 ಆಯಿತು. ಒಂದರ ಬೆಲೆ ಕೇಳಿ ಸಮಾಧಾನಪಡುವವರು ಹದಿನಾರರಿಂದ ಗುಣಿಸಿ ನೋಡಬೇಕು.

ಎರಡನೆಯದು ಗೇರ್ ಎಣ್ಣೆ. ಅದು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಮೂರನೆಯದು, ತೊಟ್ಟಿಯ ನೆಲಹಾಸನ್ನು ತೆಗೆಸಿ ಕೆಳಗಿನ ಕಬ್ಬಿಣದ ಚೌಕಟ್ಟನ್ನು ನೋಡುವುದು. ಮೇಲೆ ಹೊಸ ಬಣ್ಣ ಮಿಂಚುತ್ತಿದ್ದರೂ ಕೆಸರಿನಡಿ ವರ್ಷಗಟ್ಟಲೆ ಕುಳಿತ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿರಬಹುದು.

ಕೊನೆಯ ಪರೀಕ್ಷೆ ನೀರಿನದು. ಹತ್ತಿರ ಕೆರೆ ಇಲ್ಲದಿದ್ದರೆ ಸುಲಭ ಉಪಾಯವಿದೆ. ತಳದ ಬಿರಡೆಗಳನ್ನು ಬಿಗಿದು ತೊಟ್ಟಿಯೊಳಕ್ಕೇ ಅಚ್ಚಿನ ಮಟ್ಟದವರೆಗೆ ನೀರು ಬಿಟ್ಟರಾಯಿತು. ಒಳಗಿನ ನೀರು ಎಲ್ಲಿಂದ ಹೊರಗೆ ಜಿನುಗುತ್ತದೋ ಅಲ್ಲಿಂದಲೇ ಹೊರಗಿನ ನೀರು ಒಳಗೆ ಬರುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರನಿಂದ ಗಾಡಿ ಕೊಳ್ಳದಿರುವುದೇ ಲೇಸು.

ಪ್ಲಾಸ್ಟಿಕ್ಕಿನ ಜಾತಿ

ರಿಪೇರಿಯಲ್ಲಿ ಹೆಚ್ಚು ಜನ ಸೋಲುವುದು ತೊಟ್ಟಿಯ ಬಿರುಕಿನ ಮುಂದೆ. ಕಾರಣ, ಪ್ಲಾಸ್ಟಿಕ್ ಎಲ್ಲ ಒಂದೇ ಎಂಬ ತಪ್ಪು ತಿಳಿವಳಿಕೆ. ಆರ್ಗೊದಂಥ ಗಾಡಿಗಳ ತೊಟ್ಟಿ ಪಾಲಿಥಿಲೀನಿನದು. ನಮ್ಮ ಮನೆಗಳ ಮೇಲಿನ ನೀರಿನ ಟ್ಯಾಂಕಿನ ಜಾತಿಯದೇ. ಇದಕ್ಕೆ ಯಾವ ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಫೈಬರ್ ಗ್ಲಾಸಿನ ತೇಪೆ ಹಾಕಿದರೆ ಕೆಲವು ದಿನಗಳಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿಗಾಳಿಯಿಂದ ಕರಗಿಸಿ ಬೆಸೆಯುವುದೊಂದೇ ದಾರಿ. ಬಿರುಕು ಮುಂದೆ ಓಡದಂತೆ ಅದರ ಎರಡೂ ತುದಿಗೆ ಮೊದಲು ಸಣ್ಣ ರಂಧ್ರ ಕೊರೆಯಬೇಕು. ಆಂಫಿಕ್ಯಾಟಿನಂಥ ಹಳೆಯ ಗಾಡಿಗಳದು ಎಬಿಎಸ್ ಪ್ಲಾಸ್ಟಿಕ್. ಅದರ ಚೂರುಗಳನ್ನೇ ಅಸಿಟೋನಿನಲ್ಲಿ ಕರಗಿಸಿ ಮಾಡಿದ ಸರಿ ಅದಕ್ಕೆ ಒಳ್ಳೆಯ ಅಂಟು. ಫೈಬರ್ ಗ್ಲಾಸ್ ತೊಟ್ಟಿಗೆ ರೆಸಿನ್, ಫೈಬರ್ ಬಟ್ಟೆಯ ತೇಪೆ. ರೋಗ ಒಂದೇ ಆದರೂ ದೇಹಕ್ಕೆ ತಕ್ಕ ಮದ್ದು ಬೇಕು.

ಬಿಡಿಭಾಗಗಳ ವಿಷಯದಲ್ಲಿ ತಬ್ಬಲಿ ಗಾಡಿಗಳಿಗೆ ಒಂದು ಅದೃಷ್ಟವಿತ್ತು. ಸಣ್ಣ ಕಂಪೆನಿಗಳು ಎಲ್ಲವನ್ನೂ ತಾವೇ ತಯಾರಿಸಲಿಲ್ಲ. ಚೈನು, ಬೇರಿಂಗ್, ಬೆಲ್ಟು ಕೃಷಿ ಯಂತ್ರಗಳ ಅಂಗಡಿಯಲ್ಲಿ ಸಿಗುವ ಅಳತೆಯವೇ. ಬೋರ್ಗ್ ವಾರ್ನರ್ ಕಂಪೆನಿಯ ‘ಟಿ-20’ ಎಂಬ ಗೇರ್ ಬಾಕ್ಸನ್ನು ಮ್ಯಾಕ್ಸ್ ಸೇರಿದಂತೆ ಹಲವು ಗಾಡಿಗಳಲ್ಲಿ ಬಳಸಲಾಗಿತ್ತು. ಹಾಗಾಗಿ ಒಂದು ಹೆಸರಿನ ಗುಜರಿ ಗಾಡಿ ಇನ್ನೊಂದು ಹೆಸರಿನ ಗಾಡಿಗೆ ಜೀವದಾನ ಮಾಡಬಲ್ಲದು. ಓಡುವ ಒಂದನ್ನು ಕೊಳ್ಳುವ ಬದಲು ಓಡದ ಎರಡನ್ನು ಕೊಂಡು ಒಂದು ಮಾಡಿಕೊಳ್ಳುವವರು ಇರುವುದು ಇದರಿಂದಲೇ.

ಚೈನು ಎಂಬ ಪ್ರಾಣನಾಡಿ

ದಿನನಿತ್ಯದ ಆರೈಕೆಯಲ್ಲಿ ಮೊದಲ ಮಣೆ ಚೈನಿಗೆ. ತಿರುಗುವಾಗೆಲ್ಲ ಚಕ್ರಗಳು ಅಡ್ಡಡ್ಡ ಜಾರುವುದರಿಂದ ಚೈನಿನ ಮೇಲೆ ಬೀಳುವ ಎಳೆತ ಬಹಳ. ಒಣ ಟಾರು ರಸ್ತೆಯಲ್ಲಿ ತಿರುಗಿಸಿದರೆ ಇನ್ನೂ ಹೆಚ್ಚು. ಹೊಸತರಲ್ಲಿ 100 ಸೆಂಟಿಮೀಟರ್ ಇದ್ದ ಚೈನಿನ ಭಾಗ 103ಕ್ಕೆ ಬಂದರೆ ಅದನ್ನು ಬದಲಿಸಬೇಕು ಎಂಬುದು ಇಂಥ ಚೈನುಗಳಿಗೆ ಅನ್ವಯಿಸುವ ಸಾಮಾನ್ಯ ನಿಯಮ. ಹಲ್ಲು ಸವೆದ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕಿದರೆ ಅದೂ ಬೇಗನೆ ಹಾಳು.

ಇಲ್ಲೊಂದು ಅಪಾಯ ಅಡಗಿದೆ. ಅನೇಕ ಗಾಡಿಗಳಲ್ಲಿ ಬ್ರೇಕು ಇರುವುದು ಚಕ್ರದಲ್ಲಲ್ಲ, ಗೇರ್ ಬಾಕ್ಸಿನ ಬಳಿ. ಓಟ ಚಕ್ರಕ್ಕೆ ತಲುಪುವುದು ಚೈನಿನಿಂದ. ತಡೆ ತಲುಪುವುದೂ ಅದರಿಂದಲೇ. ಆದ್ದರಿಂದ ಒಂದು ಪಕ್ಕದ ಮುಖ್ಯ ಚೈನು ತುಂಡಾದರೆ ಆ ಪಕ್ಕಕ್ಕೆ ಓಟವೂ ಇಲ್ಲ, ತಡೆಯೂ ಇಲ್ಲ. ಸಮತಟ್ಟಿನಲ್ಲಾದರೆ ಗಾಡಿ ಗಾಣದ ಎತ್ತಿನಂತೆ ಸುತ್ತುತ್ತದೆ. ಇಳಿಜಾರಿನಲ್ಲಾದರೆ ಉರುಳುತ್ತದೆ. ಬೇಟೆಗೆ ಹೊರಟವರು ಕೋವಿಯ ಗುಂಡು ಮರೆತರೂ ಚೈನ್ ಲಾಕ್, ಚೈನು ಬಿಚ್ಚುವ ಸಲಕರಣೆ ಮರೆಯಬಾರದು.

ನೀರಿಗಿಳಿದು ಬಂದ ಮೇಲೆ ಬಿರಡೆ ತೆಗೆದು ತೊಟ್ಟಿ ಬರಿದು ಮಾಡುವುದು, ಬೇರಿಂಗುಗಳಿಗೆ ಹೊಸ ಗ್ರೀಸ್ ಒತ್ತಿ ಒಳಸೇರಿದ ನೀರನ್ನು ಹೊರದಬ್ಬುವುದು ಕಡ್ಡಾಯ. ಸೋಮಾರಿತನ ಮಾಡಿದರೆ ಕೆನಡಾದ ಚಳಿ ಬಿಡುವುದಿಲ್ಲ. ರಾತ್ರಿ ತೊಟ್ಟಿಯಲ್ಲಿ ಉಳಿದ ನೀರು ಬೆಳಿಗ್ಗೆಗೆ ಕಲ್ಲಿನಂತೆ ಹೆಪ್ಪುಗಟ್ಟಿ, ಚೈನುಗಳು ಮಂಜುಗಡ್ಡೆಯೊಳಗೆ ಹೂತಿರುತ್ತವೆ. ಒಳಗೆ ಸೇರುವ ಒಣ ಎಲೆ, ಹುಲ್ಲು ಸೈಲೆನ್ಸರಿನ ಬಳಿ ಶೇಖರವಾದರೆ ಬೆಂಕಿಯ ಭಯ. ತಿಂಗಳುಗಟ್ಟಲೆ ನಿಲ್ಲಿಸುವಾಗ ಪೆಟ್ರೋಲ್ ಬಸಿಯದಿದ್ದರೆ ಅದು ಕಾರ್ಬುರೇಟರಿನಲ್ಲಿ ಅಂಟಾಗಿ ಕೂರುತ್ತದೆ.

ನೀರಿನ ಲೆಕ್ಕ, ನೆಲದ ಲೆಕ್ಕ

ತೇಲುತ್ತದೆ ಎಂದ ಮಾತ್ರಕ್ಕೆ ಇದು ದೋಣಿಯಲ್ಲ. ನೆಲದ ಮೇಲೆ ಹೊರುವಷ್ಟು ಭಾರವನ್ನು ನೀರಿನಲ್ಲಿ ಹೊರಲಾರದು. ಅಂಚು ನೀರಿನಿಂದ ಸ್ವಲ್ಪವೇ ಮೇಲಿರುವುದರಿಂದ ಅಲೆಯೆದ್ದ ಕೆರೆ, ಸೆಳವಿರುವ ಹೊಳೆ ಇದಕ್ಕೆ ವರ್ಜ್ಯ. ತಣ್ಣನೆಯ ನೀರಿಗೆ ಬಿದ್ದವರ ಕೈಕಾಲು ನಿಮಿಷಗಳಲ್ಲಿ ಮರಗಟ್ಟುವುದರಿಂದ ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ತೊಟ್ಟೇ ಇಳಿಯಬೇಕು.

ನೆಲಕ್ಕೂ ಒಂದು ಲೆಕ್ಕವಿದೆ. ನೇರ ಸಾಗುವಾಗ ಹೂವಿನಂತೆ ಹಗುರವಾದ ಗಾಡಿ, ತಿರುಗುವಾಗ ಅಡ್ಡ ಜಾರುವ ಚಕ್ರಗಳಿಂದ ಪಾಚಿಯನ್ನು ಕಿತ್ತೆಸೆಯುತ್ತದೆ. ಅಲಾಸ್ಕಾದ ಜೌಗಿನಲ್ಲಿ ಇಂಥ ಬಗೆಬಗೆಯ ವಾಹನಗಳು ಮಾಡಿದ ಗಾಯ ದಶಕಗಳಾದರೂ ಮಾಯದಿರುವುದುಂಟು. ಸಾವಿರ ವರ್ಷದ ಪಾಚಿಗೆ ಒಂದು ತಿರುವು ಸಾಕು.

ಈ ವಂಶದ ಗಾಡಿ ಭಾರತಕ್ಕೆ ಅಪರಿಚಿತವೇನಲ್ಲ. 2025ರ ಆಗಸ್ಟ್‌ನಲ್ಲಿ ಪಂಜಾಬಿನಲ್ಲಿ ನೆರೆ ಬಂದಾಗ ಸೇನೆಯು ‘ಎಟಾರ್ ಎನ್1200’ ಎಂಬ ಉಭಯಚರ ವಾಹನವನ್ನು ರಕ್ಷಣಾ ಕಾರ್ಯಕ್ಕೆ ಇಳಿಸಿತ್ತು. ನಾಲ್ಕೇ ಚಕ್ರ, ಆಳೆತ್ತರದ ಟೈರು. ಆದರೆ ತಿರುಗುವುದು ಅದೇ ಹಳೆಯ ಉಪಾಯದಿಂದ, ಒಂದು ಪಕ್ಕವನ್ನು ತಡೆದು. ಹೊಸತಾಗಿರುವಾಗ ಎಲ್ಲ ಯಂತ್ರವೂ ತೇಲುತ್ತದೆ. ಹತ್ತು ವರ್ಷದ ನಂತರವೂ ತೇಲಬೇಕಾದರೆ ಗ್ರೀಸು, ಚೈನು, ಬಿರಡೆಗಳನ್ನು ನೆನಪಿಡುವ ಒಬ್ಬರು ಬೇಕು.

ಬಿರಡೆಯ ಮಾತಿಗೆ ಬಂದರೆ, ತೊಟ್ಟಿ ಬಸಿದ ಮೇಲೆ ಅದನ್ನು ಗಾಡಿಯ ಕೀಲಿಕೈಗೇ ಕಟ್ಟಿ ನೇತುಹಾಕುವುದು ಒಳ್ಳೆಯ ಅಭ್ಯಾಸ. ಮುಂದಿನ ಸಲ ಎಂಜಿನ್ ಚಾಲೂ ಮಾಡುವ ಮೊದಲು ಬಿರಡೆಯೇ ಕೈಗೆ ತಗಲುತ್ತದೆ. ಅಂಗೈಯಲ್ಲಿ ಅಡಗುವ ಆ ಚೂರು ಮರೆತರೆ, ಉಳಿದೆಲ್ಲ ರಿಪೇರಿಯೂ ಕೆರೆಯ ಪಾಲು.